ಜುಲೈನಲ್ಲಿ ಚರ್ಚಿಲ್‌ಗೆ ಹೋದರೆ ಏನು ಕಾಣುತ್ತದೆ? ಅಪ್ಪ ಅಮ್ಮನ ಜೊತೆ ಹೊರಟಿದ್ದೇವೆ

ಮೈಸೂರವಳು_ವಿನ್ನಿಪೆಗ್

ಎಲ್ಲರಿಗೂ ನಮಸ್ಕಾರ. ನಾವು ಕೆನಡಾದ ವಿನ್ನಿಪೆಗ್‌ನಲ್ಲಿದ್ದೇವೆ. ಮೈಸೂರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಆಗಸ್ಟ್ ಕೊನೆಗೆ ವಾಪಸ್ ಹೊರಡುತ್ತಾರೆ. ಅಪ್ಪನಿಗೆ 69 ವರ್ಷ. ಮೇಷ್ಟ್ರಾಗಿ ರಿಟೈರ್ ಆದವರು. ನನಗೆ ಬುದ್ಧಿ ಬಂದಾಗಿನಿಂದ ಭಾನುವಾರ ಬೆಳಿಗ್ಗೆ ಬೈನಾಕ್ಯುಲರ್ ನೇತುಹಾಕಿಕೊಂಡು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಇರುತ್ತಾರೆ. ಇಲ್ಲಿಗೆ ಬಂದ ಮೇಲೆ ಅವರು ಬಾಯಿಬಿಟ್ಟು ಕೇಳಿದ್ದು ಒಂದೇ: "ಹಡ್ಸನ್ ಕೊಲ್ಲಿ ಇಲ್ಲಿಂದ ಎಷ್ಟು ದೂರಮ್ಮಾ?"

ಆ ಕೊಲ್ಲಿಯ ದಡದಲ್ಲಿ ಚರ್ಚಿಲ್ ಎಂಬ ಪುಟ್ಟ ಊರಿದೆ, ಅಲ್ಲಿಗೆ ಹೊರಟಿದ್ದೇವೆ. ಅಲ್ಲಿ ಹಿಮಕರಡಿ ನೋಡುವುದಕ್ಕೆ ಅಕ್ಟೋಬರ್ ಕೊನೆ, ನವೆಂಬರ್ ಸರಿಯಾದ ಸಮಯ ಎಂದು ಎಲ್ಲರೂ ಹೇಳುತ್ತಾರೆ. ಅಷ್ಟರಲ್ಲಿ ಇವರು ಮೈಸೂರಿನಲ್ಲಿರುತ್ತಾರೆ. ಆ ಸಮಯದ ಟೂರ್‌ಗೆ ತಲೆಗೆ ಸಾವಿರಾರು ಡಾಲರ್, ಅದು ನಮ್ಮ ಕೈಗೆ ಎಟಕುವುದೂ ಇಲ್ಲ. ಜುಲೈನಲ್ಲಿ ಹೋದರೆ ಬರಿಗೈಯಲ್ಲಿ ಬರಬೇಕಾಗುತ್ತದಾ? ಅಮ್ಮನಿಗೆ ಮಂಡಿನೋವು ಇದೆ. ಎರಡು ರಾತ್ರಿ ರೈಲಿನಲ್ಲಿ ಕೂರಲು ಆಗುತ್ತದಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಹಿಮದಾರಿ

ಮೇಡಂ, ನಾನು 11 ವರ್ಷದಿಂದ ಮ್ಯಾನಿಟೋಬಾದ ಥಾಂಪ್ಸನ್‌ನಲ್ಲಿದ್ದೇನೆ. ಚರ್ಚಿಲ್‌ಗೆ ಆರು ಸಲ ಹೋಗಿದ್ದೇನೆ, ಅದರಲ್ಲಿ ನಾಲ್ಕು ಸಲ ಬೇಸಿಗೆಯಲ್ಲೇ. ಖಂಡಿತ ಹೋಗಿ. ನಿಮ್ಮ ತಂದೆಯಂಥವರಿಗೆ ಜುಲೈನೇ ವಾಸಿ ಎನ್ನುತ್ತೇನೆ.

ಯಾಕೆ ಅಂದರೆ, ನವೆಂಬರ್‌ನಲ್ಲಿ ಕರಡಿ ಒಂದೇ ಕಥೆ. ಕೊಲ್ಲಿ ಹೆಪ್ಪುಗಟ್ಟಲಿ ಎಂದು ಅವು ದಡದಲ್ಲಿ ಕಾಯುತ್ತವೆ, ಅವುಗಳನ್ನು ನೋಡಲು ಜನ ಕಾಯುತ್ತಾರೆ. ಜುಲೈನಲ್ಲಿ ಇಡೀ ಊರೇ ಜೀವ ತುಂಬಿಕೊಂಡಿರುತ್ತದೆ. ಚರ್ಚಿಲ್ ನದಿ ಸಮುದ್ರ ಸೇರುವ ಕಡೆ ಸುಮಾರು 3,000 ಬೆಲುಗಾ ತಿಮಿಂಗಿಲಗಳು ಬಂದು ಸೇರುತ್ತವೆ. ಬಿಳಿ ತಿಮಿಂಗಿಲ ಅಂತೀವಲ್ಲ, ಅವೇ. ನದಿಯ ನೀರು ಕೊಲ್ಲಿಗಿಂತ ಬೆಚ್ಚಗೆ. ಅಲ್ಲಿ ಮರಿ ಹಾಕುತ್ತವೆ, ಹಳೆ ಚರ್ಮವನ್ನು ತಳದ ಜಲ್ಲಿಗೆ ಉಜ್ಜಿ ಕಳಚಿಕೊಳ್ಳುತ್ತವೆ, ಮೀನು ತಿನ್ನುತ್ತವೆ. ದಡದ ಬಂಡೆ ಮೇಲೆ ಸುಮ್ನೆ ಕೂತರೂ ಬಿಳಿ ಬೆನ್ನುಗಳು ಎದ್ದು ಮುಳುಗುವುದು ಕಾಣುತ್ತದೆ. ದುಡ್ಡೇನೂ ಕೊಡಬೇಕಿಲ್ಲ.

ಕರಡಿಯೂ ಕಾಣಬಹುದು. ಜುಲೈನಲ್ಲಿ ಮಂಜು ಕರಗಿದಾಗ ಅವು ಈಜಿ ದಡಕ್ಕೆ ಬರುತ್ತವೆ. ಆಮೇಲೆ ನವೆಂಬರ್‌ವರೆಗೆ ಹೆಚ್ಚು ಕಡಿಮೆ ಉಪವಾಸ. ಮೈಯ ಕೊಬ್ಬೇ ಊಟ. ಸೀಲ್ ಎಂಬ ಕಡಲಪ್ರಾಣಿ ಹಿಡಿಯಲು ಅವಕ್ಕೆ ಮಂಜಿನ ಹಾಸು ಬೇಕೇ ಬೇಕು. ಅದಕ್ಕೇ ಬೇಸಿಗೆಯಲ್ಲಿ ಶಕ್ತಿ ಉಳಿಸಿಕೊಂಡು ಬಿದ್ದುಕೊಂಡಿರುತ್ತವೆ. ಕಂಡರೆ ಪುಣ್ಯ, ಕಾಣದಿದ್ದರೆ ಬೇಜಾರಾಗಬೇಡಿ.

ರೈಲಿನ ವಿಚಾರ. ಹೊರಗಿನಿಂದ ಚರ್ಚಿಲ್‌ಗೆ ಬರಲು ರಸ್ತೆಯೇ ಇಲ್ಲ. ರೈಲು, ಇಲ್ಲ ವಿಮಾನ. ವಿನ್ನಿಪೆಗ್‌ನಿಂದ ಸುಮಾರು 1,700 ಕಿ.ಮೀ., ಎರಡು ರಾತ್ರಿ. ವಾರಕ್ಕೆ ಎರಡೇ ರೈಲು. ಕೊನೆಯ ಭಾಗದಲ್ಲಿ ಹಳಿಯ ಅಡಿಯಲ್ಲಿ ಹೆಪ್ಪುಗಟ್ಟಿದ ನೆಲ, ಮೇಲೆ ಜವುಗು. ರೈಲು ಎತ್ತಿನಗಾಡಿ ಹಾಗೆ ತೂಗಾಡುತ್ತಾ ಹೋಗುತ್ತದೆ. 2017ರ ಪ್ರವಾಹದಲ್ಲಿ ಹಳಿ ಕೊಚ್ಚಿಹೋಗಿ ಸುಮಾರು ಒಂದೂವರೆ ವರ್ಷ ಆ ಊರಿಗೆ ರೈಲೇ ಇರಲಿಲ್ಲ. ಅಮ್ಮನ ಮಂಡಿಗೆ ಕಷ್ಟ ಎನಿಸಿದರೆ ಥಾಂಪ್ಸನ್‌ವರೆಗೆ ಕಾರಿನಲ್ಲಿ ಬನ್ನಿ, ಎಂಟು ಗಂಟೆ ದಾರಿ. ಒಂದು ರಾತ್ರಿ ನಮ್ಮ ಮನೆಯಲ್ಲಿ ಉಳಿಯಿರಿ. ಇಲ್ಲಿಂದ ರೈಲಿನಲ್ಲಿ ಒಂದು ರಾತ್ರಿ ಸಾಕು. ಸಂಕೋಚ ಬೇಡ, ಕನ್ನಡ ಮಾತಾಡುವವರು ಮನೆಗೆ ಬರುವುದೇ ನಮಗೆ ಹಬ್ಬ.

ಊಟಕ್ಕೆ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಕಟ್ಟಿಕೊಳ್ಳಿ. ಸೊಳ್ಳೆ ಮಾತ್ರ ಭಯಂಕರ. ತಲೆಯಿಂದ ಸೊಂಟದವರೆಗೆ ಮುಚ್ಚುವ ಪರದೆ ಅಂಗಿ ಸಿಗುತ್ತದೆ, ಎಲ್ಲರಿಗೂ ಕೊಳ್ಳಿ. ದೋಣಿಯಲ್ಲಿ ಚಳಿ ಕೊರೆಯುತ್ತದೆ, ಉಣ್ಣೆ ಟೋಪಿ ಬೇಕು. ಜುಲೈ ಅಲ್ವಾ ಎಂದು ಬಿಟ್ಟು ಬರಬೇಡಿ.

ಸುಳ್ಯದ_ಹುಡುಗ

ರಾತ್ರಿ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು, ನಾರ್ದರ್ನ್ ಲೈಟ್ಸ್, ಕಾಣುತ್ತದಾ ಆಗ?

ಹಿಮದಾರಿ

ಜುಲೈನಲ್ಲಿ ಆಸೆ ಇಟ್ಟುಕೊಳ್ಳಬೇಡಿ. ರಾತ್ರಿ ಪೂರ್ತಿ ಕತ್ತಲಾಗುವುದೇ ಇಲ್ಲ. ಆಗಸ್ಟ್ ಕೊನೆಗೆ ಶುರುವಾಗುತ್ತದೆ. ಜನವರಿಯಿಂದ ಮಾರ್ಚ್ ಅದಕ್ಕೆ ಒಳ್ಳೆಯ ಕಾಲ. ಆದರೆ ಚಳಿ ಮೈನಸ್ 30, 40 ಇರುತ್ತದೆ.

ಕ್ಯಾಮೆರಾ_ಕಣ್ಣು

ನಾನೂ ಆಗಸ್ಟ್‌ನಲ್ಲಿ ಟೊರಾಂಟೊದಿಂದ ಹೊರಟಿದ್ದೇನೆ. ಗೈಡ್ ಇಲ್ಲದೆ ಅಲ್ಲೇ ಬಾಡಿಗೆ ಕಾರು ಹಿಡಿದು ಕರಾವಳಿ ಉದ್ದಕ್ಕೂ ಹೋದರೆ ಕರಡಿ ಹತ್ತಿರದಿಂದ ಸಿಗುತ್ತದಾ? ಕಾರಿಂದ ಇಳಿದು ನೆಲಮಟ್ಟದಿಂದ ಒಂದು ಫೋಟೊ ತೆಗೆಯಬೇಕು ಅಂತ ಬಹಳ ದಿನದ ಆಸೆ. ಡ್ರೋನ್ ಕೂಡ ಇದೆ.

ಹಿಮದಾರಿ

ತಮ್ಮಾ, ಇಳಿಯಬೇಡ. ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ.

ಹಿಮಕರಡಿ ಬಂಡೆಗಳ ನಡುವೆ ಮಲಗಿದ್ದರೆ ಇಪ್ಪತ್ತು ಮೀಟರ್ ಹತ್ತಿರ ಹೋದರೂ ಕಾಣುವುದಿಲ್ಲ. ಬಿಳಿ ಬಂಡೆ, ಬಿಳಿ ಕರಡಿ. ಅದು ಓಡಿದರೆ ಮನುಷ್ಯ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಆ ಊರಿನ ಜನ ಕಾರಿನ ಬಾಗಿಲಿಗೆ ಬೀಗ ಹಾಕುವುದಿಲ್ಲ, ಗೊತ್ತಾ? ಬೀದಿಯಲ್ಲಿ ಕರಡಿ ಎದುರಾದರೆ ಯಾರಾದರೂ ಓಡಿ ಬಂದು ಹತ್ತಿಕೊಳ್ಳಲಿ ಅಂತ. ಹ್ಯಾಲೋವೀನ್ ರಾತ್ರಿ ಮಕ್ಕಳು ಮನೆಮನೆಗೆ ಹೋಗುವಾಗ ಊರ ಸುತ್ತ ಕಾವಲು ನಿಲ್ಲಿಸುತ್ತಾರೆ. ಅಲ್ಲಿ ಹುಟ್ಟಿ ಬೆಳೆದವರೇ ಇಷ್ಟು ಎಚ್ಚರ ಇರುವಾಗ ನಾವು ಹೇಗಿರಬೇಕು?

ಇನ್ನೊಂದು ವಿಷಯ. ನಿನ್ನಿಂದ ಕರಡಿಗೂ ಕೇಡು. ಮನುಷ್ಯರಿಗೆ ಹೆದರದ ಕರಡಿ ಊರೊಳಗೆ ಬರುತ್ತದೆ. ಬಂದರೆ ಹಿಡಿದು ದೊಡ್ಡ ಶೆಡ್ಡಿನಲ್ಲಿ ಇಡುತ್ತಾರೆ. 28 ಕೋಣೆ ಇವೆ. ಅಲ್ಲಿ ಅದಕ್ಕೆ ಊಟ ಕೊಡುವುದಿಲ್ಲ, ನೀರು ಮಾತ್ರ. ಊರಿಗೆ ಹೋದರೆ ತಿನ್ನಲು ಸಿಗುತ್ತದೆ ಎಂದು ಕಲಿಯಬಾರದು ಅಂತ. ಆಮೇಲೆ ಹೆಲಿಕಾಪ್ಟರ್‌ನಲ್ಲಿ ತೂಗುಹಾಕಿಕೊಂಡು ದೂರ ಉತ್ತರಕ್ಕೆ ಬಿಡುತ್ತಾರೆ, ಇಲ್ಲವೆ ಕೊಲ್ಲಿ ಹೆಪ್ಪುಗಟ್ಟುವವರೆಗೆ ಇಟ್ಟುಕೊಳ್ಳುತ್ತಾರೆ. ಮೊದಲು ಊರಿನ ಕಸದ ಗುಡ್ಡೆಗೆ ಕರಡಿಗಳು ಹಿಂಡಾಗಿ ಬರುತ್ತಿದ್ದವು. 2005ರಲ್ಲಿ ಆ ಗುಡ್ಡೆಯನ್ನೇ ಮುಚ್ಚಿದರು. ಇಷ್ಟೆಲ್ಲ ಮಾಡಿ ಕರಡಿ ಮತ್ತು ಜನ ಇಬ್ಬರನ್ನೂ ಉಳಿಸಿಕೊಂಡಿದ್ದಾರೆ.

ಡ್ರೋನ್ ಮನೆಯಲ್ಲೇ ಬಿಡು. ತಿಮಿಂಗಿಲಗಳ ಮೇಲೆ ತಗ್ಗಿನಲ್ಲಿ ಹಾರಿಸುವುದು ಕಾನೂನಿಗೂ ವಿರುದ್ಧ. ಬಂದೂಕು ಹಿಡಿದ ಗೈಡ್ ಜೊತೆ ಹೋಗು. ವ್ಯಾನಿನ ಕಿಟಕಿಯಿಂದಲೇ ಒಳ್ಳೆಯ ಫೋಟೊ ಬರುತ್ತದೆ.

ಓಸ್ಲೋ_ಕನ್ನಡತಿ

ಹಿಮದಾರಿಯವರ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ಇಲ್ಲಿ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ 2025ರಿಂದ ಕಾನೂನೇ ಬಂದಿದೆ: ಹಿಮಕರಡಿಯಿಂದ ಕನಿಷ್ಠ 300 ಮೀಟರ್ ದೂರ. ಮಾರ್ಚ್‌ನಿಂದ ಜೂನ್ ಕೊನೆವರೆಗೆ 500 ಮೀಟರ್. ಮೊದಲು ಟೂರಿನವರು ಗೊಣಗಿದರು. ನಾನು ಹೋದ ವರ್ಷ ದೋಣಿಯಿಂದ ನೋಡಿದೆ, ತಾಯಿ ಮತ್ತು ಎರಡು ಮರಿ. ಬೈನಾಕ್ಯುಲರ್‌ನಲ್ಲಿ ಹೆಬ್ಬೆರಳಿನಷ್ಟು. ಆದರೆ ತಾಯಿ ಒಂದು ಸಲವೂ ತಲೆ ಎತ್ತಿ ನಮ್ಮ ಕಡೆ ನೋಡಲಿಲ್ಲ. ಮರಿಗೆ ಹಾಲು ಕೊಡುತ್ತಿದ್ದಳು. ನಾವು ಹತ್ತಿರ ಇದ್ದಿದ್ದರೆ ಅದು ನಡೆಯುತ್ತಲೇ ಇರಲಿಲ್ಲ.

ಕ್ಯಾಮೆರಾ_ಕಣ್ಣು

ಸರಿ ಅಣ್ಣ, ಅರ್ಥವಾಯಿತು. ಕಾರು ಬೇಡ. ಗೈಡ್ ಜೊತೆಗೇ ಬುಕ್ ಮಾಡುತ್ತೇನೆ. ಶೆಡ್ಡಿನ ವಿಷಯ ನನಗೆ ಗೊತ್ತೇ ಇರಲಿಲ್ಲ.

ಸೊಪ್ಪಿನಬೆಟ್ಟ

ನನ್ನದೊಂದು ಕೊರೆಯುವ ಪ್ರಶ್ನೆ. ಜಗಳಕ್ಕೆ ಕೇಳುತ್ತಿಲ್ಲ. ಮಂಜು ಕರಗಿ ಕರಡಿಗಳು ಕಡಿಮೆಯಾಗುತ್ತಿವೆ ಎಂದು ಓದುತ್ತೇವೆ. ನಾವು ವಿಮಾನದ ಹೊಗೆ ಬಿಟ್ಟುಕೊಂಡು ಅವುಗಳನ್ನೇ ನೋಡಲು ಹೋಗುವುದು ಸರಿಯಾ? ಸಾಗರದ ಹತ್ತಿರ ನಮ್ಮ ಬೆಟ್ಟದಲ್ಲಿ ಕೂತು ಇದನ್ನು ಓದುತ್ತಾ ಮನಸ್ಸಿಗೆ ಸಮಾಧಾನ ಆಗುತ್ತಿಲ್ಲ.

ಹಿಮದಾರಿ

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಿರಿ ಸರ್. ಹಡ್ಸನ್ ಕೊಲ್ಲಿಯ ಪಶ್ಚಿಮ ಭಾಗದಲ್ಲಿ 2016ರ ಎಣಿಕೆಯಲ್ಲಿ ಅಂದಾಜು 842 ಕರಡಿ ಇದ್ದವು. 2021ರಲ್ಲಿ 618. 1980ರ ದಶಕಕ್ಕೆ ಹೋಲಿಸಿದರೆ ಈಗ ಅವು ಮೂರು ನಾಲ್ಕು ವಾರ ಜಾಸ್ತಿ ದಡದಲ್ಲಿ ಹಸಿದುಕೊಂಡು ಇರಬೇಕು. ಇದು ಸುಳ್ಳಲ್ಲ.

ನಾನು ನನಗೆ ಹಾಕಿಕೊಂಡ ಕಟ್ಟು ಇಷ್ಟು. ರೈಲಿನಲ್ಲಿ ಹೋಗುತ್ತೇನೆ. ಹೋದರೆ ಐದಾರು ದಿನ ಇರುತ್ತೇನೆ. ಅಲ್ಲಿಯ ಜನರ ಅಂಗಡಿ, ಅಲ್ಲಿಯವರದೇ ಮನೆ, ಅಲ್ಲಿಯವರೇ ಗೈಡ್. ಅದು 900 ಜನ ಕೂಡ ಇಲ್ಲದ ಊರು. ಕರಡಿ ಬದುಕಿದ್ದರೆ ತಮಗೆ ಅನ್ನ ಎಂದು ಆ ಊರಿಗೆ ಗೊತ್ತಿದೆ. ಆದರೆ ಭಾರತದಿಂದ ಬರೀ ಇದಕ್ಕೋಸ್ಕರ ಹಾರಿ ಬನ್ನಿ ಎಂದು ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಚರ್ಚಿಲ್‌ಗೆ ಹೋದವರು ‘ಸಯೀಸಿ ಡೆನೆ’ (Sayisi Dene) ಎಂಬ ಮೂಲನಿವಾಸಿ ಜನರ ಕಥೆಯನ್ನೂ ಕೇಳಿಕೊಂಡು ಬನ್ನಿ. ಅವರು ಕ್ಯಾರಿಬೂ ಎಂಬ ಉತ್ತರದ ಕಾಡುಜಿಂಕೆಯ ಬೇಟೆಯ ಮೇಲೆ ಬದುಕುತ್ತಿದ್ದವರು. ನೀವು ಕ್ಯಾರಿಬೂಗಳನ್ನು ಮುಗಿಸುತ್ತಿದ್ದೀರಿ ಎಂದು 1956ರಲ್ಲಿ ಸರ್ಕಾರ ಅವರನ್ನು ಎಬ್ಬಿಸಿ ಚರ್ಚಿಲ್ ಪಕ್ಕ ತಂದು ಬಿಟ್ಟಿತು. ಆ ಆರೋಪ ತಪ್ಪಾಗಿತ್ತು. ಹಸಿವು, ಚಳಿ, ಬೆಂಕಿ, ಹಿಂಸೆ. ಅವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಜನ ಸತ್ತರು. ಸರ್ಕಾರ ಕ್ಷಮೆ ಕೇಳಿದ್ದು 2016ರಲ್ಲಿ. ಕಾಡುಪ್ರಾಣಿ ಉಳಿಸುತ್ತೇವೆ ಎಂದು ಹೇಳಿ ಜನರನ್ನು ಎಬ್ಬಿಸುವುದು ನಮ್ಮ ಕಡೆಗೂ ಗೊತ್ತಿರುವ ಸಂಗತಿಯೇ.

ಸೊಪ್ಪಿನಬೆಟ್ಟ

ಇದನ್ನು ಬರೆದಿದ್ದಕ್ಕೆ ಧನ್ಯವಾದ ಸರ್. ಮನಸ್ಸಿಗೆ ತಟ್ಟಿತು.

ಕೆರೆದಂಡೆ

ಮೈಸೂರವಳು ಅಕ್ಕಾರ, ನಾನು ಧಾರವಾಡದವ. ನಿಮ್ಮ ಅಪ್ಪಾಜಿ ಹಕ್ಕಿ ನೋಡೋರು ಅಂತ ಓದಿ ಬರೆಯುತ್ತಿದ್ದೇನೆ. ಚರ್ಚಿಲ್‌ನಲ್ಲಿ ಗೋಲ್ಡನ್ ಪ್ಲೋವರ್ ಗೂಡು ಮಾಡುತ್ತದೆ, ಅಮೆರಿಕನ್ ಗೋಲ್ಡನ್ ಪ್ಲೋವರ್. ಅದರ ದಾಯಾದಿ ಪೆಸಿಫಿಕ್ ಗೋಲ್ಡನ್ ಪ್ಲೋವರ್ ಸೈಬೀರಿಯಾ, ಅಲಾಸ್ಕಾ ಟಂಡ್ರಾದಲ್ಲಿ ಮರಿ ಮಾಡಿ ಚಳಿಗಾಲಕ್ಕೆ ನಮ್ಮ ಕೆರೆಗಳಿಗೂ ಕರಾವಳಿಗೂ ಬರುತ್ತದೆ. ನಮ್ಮಲ್ಲಿಗೆ ಬಂದಾಗ ಮಾಸಲು ಕಂದು. ಏಪ್ರಿಲ್‌ನಲ್ಲಿ ಹೊರಡುವ ಮುಂಚೆ ಕೆಲವು ಹಕ್ಕಿಗೆ ಎದೆ ಮೇಲೆ ಕರಿ ಮಚ್ಚೆ ಮೂಡಲು ಶುರುವಾಗುತ್ತದೆ. ಅಷ್ಟರಲ್ಲಿ ಹಾರಿಹೋಗುತ್ತವೆ. ಪೂರ್ತಿ ಬಣ್ಣ ತುಂಬಿದ ಹಕ್ಕಿಯನ್ನು ನಾನು ಇಲ್ಲಿವರೆಗೆ ಕಣ್ಣಾರೆ ನೋಡಿಲ್ಲ. ಇಪ್ಪತ್ತು ವರ್ಷದಿಂದ ಅರ್ಧ ಹಕ್ಕಿ ಮಾತ್ರ ನೋಡಿದ್ದೇನೆ. ಅಪ್ಪಾಜಿಯವರು ನೋಡಿದರೆ ಹೇಗಿತ್ತು ಅಂತ ದಯವಿಟ್ಟು ಬರೆಯಿರಿ.

ಮೈಸೂರವಳು_ವಿನ್ನಿಪೆಗ್

ಅಪ್ಪನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದರು. ಆಮೇಲೆ ಎದ್ದು ಹೋಗಿ ಬೈನಾಕ್ಯುಲರ್ ಗಾಜು ಒರೆಸುತ್ತಾ ಕೂತರು. ಟಿಕೆಟ್ ಆಯಿತು. ಥಾಂಪ್ಸನ್ ಮೂಲಕವೇ ಬರುತ್ತೇವೆ ಹಿಮದಾರಿ ಸರ್.

*(ಒಂದು ತಿಂಗಳ ನಂತರ)*

ಮೈಸೂರವಳು_ವಿನ್ನಿಪೆಗ್

ಹೋಗಿ ಬಂದೆವು. ಬರೆಯುವುದು ತಡವಾಯಿತು, ಕ್ಷಮಿಸಿ.

ಮೊದಲು ಬೇಸರದ ಸಂಗತಿ ಹೇಳಿ ಮುಗಿಸುತ್ತೇನೆ. ನಾವು ಬುಕ್ ಮಾಡಿದ್ದ ದೋಣಿ ಗಾಳಿ ಜಾಸ್ತಿ ಎಂದು ಎರಡು ದಿನ ಹೊರಡಲಿಲ್ಲ. ಅದು ಸರಿಯೇ, ಜೀವ ಮುಖ್ಯ. ಆದರೆ ಸಮಯಕ್ಕೆ ತಿಳಿಸದೆ ನಮ್ಮನ್ನು ಚಳಿಯಲ್ಲಿ ಒಂದೂವರೆ ಗಂಟೆ ನಿಲ್ಲಿಸಿದರು. ಹೋಗುವವರು ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಂಡೇ ಹೋಗಿ.

ಥಾಂಪ್ಸನ್‌ನಲ್ಲಿ ಹಿಮದಾರಿ ಸರ್ ಮನೆಯಲ್ಲಿ ಬಿಸಿಬೇಳೆಬಾತ್ ತಿಂದು ರೈಲು ಹತ್ತಿದೆವು. ಬೆಳಿಗ್ಗೆ ಎದ್ದರೆ ಕಿಟಕಿಯಾಚೆ ಮರಗಳು ಕುಳ್ಳಗಾಗಿದ್ದವು. ಹಳಿ ಪಕ್ಕದ ಹಳೆಯ ತಂತಿ ಕಂಬಗಳಿಗೆ ಮೂರು ಕಾಲು. ನೆಲ ಹೆಪ್ಪುಗಟ್ಟಿ ಉಬ್ಬಿ ಇಳಿದು ಒಂಟಿ ಕಂಬವನ್ನು ಎತ್ತಿ ಒಗೆಯುತ್ತದಂತೆ, ಅದಕ್ಕೆ ಮೂರು ಮರ ಸೇರಿಸಿ ಕಟ್ಟಿದ್ದಾರೆ. ಊರು ಹತ್ತಿರ ಬಂದ ಹಾಗೆ ಸ್ಪ್ರೂಸ್ ಮರಗಳಿಗೆ ಒಂದೇ ಕಡೆ ಕೊಂಬೆ. ವಾಯವ್ಯದ ಗಾಳಿ ಇನ್ನೊಂದು ಕಡೆಯ ಚಿಗುರನ್ನೆಲ್ಲ ಕೊಂದುಹಾಕುತ್ತದೆ. ಅಮ್ಮ ಅದನ್ನೇ ನೋಡುತ್ತಾ, "ಬಾಚಿದ ಹಾಗಿದೆ" ಎಂದರು.

ಮೂರನೇ ದಿನ ದೋಣಿ ಹೊರಟಿತು. ನದಿ ಬೂದು ಬಣ್ಣ. ನಡುವೆ ಬಂದು ಎಂಜಿನ್ ನಿಲ್ಲಿಸಿದರು. ಬೆನ್ನಟ್ಟಿ ಹೋಗುವುದಿಲ್ಲ, ಅವಾಗಿ ಬಂದರೆ ನೋಡೋಣ ಎಂದರು ಗೈಡ್. ಐದು ನಿಮಿಷ ಏನೂ ಇಲ್ಲ. ಆಮೇಲೆ ಫುಸ್ ಎಂದು ಒಂದು ಉಸಿರು. ಎಡಕ್ಕೆ ಒಂದು, ಬಲಕ್ಕೆ ಒಂದು. ನೋಡನೋಡುತ್ತಾ ಸುತ್ತ ಎಲ್ಲ ಬಿಳಿ ಬೆನ್ನು. ಒಂದು ಬೆಲುಗಾ ನಮ್ಮ ದೋಣಿಯ ಅಡಿಯಲ್ಲೇ ಬಂದು ಮಗ್ಗುಲಾಗಿ ಕತ್ತು ತಿರುಗಿಸಿ ಮೇಲೆ ನೋಡಿತು. ಬೇರೆ ಬಹುಪಾಲು ತಿಮಿಂಗಿಲಗಳಿಗೆ ಹೀಗೆ ಕತ್ತು ತಿರುಗಿಸಲು ಬರುವುದಿಲ್ಲವಂತೆ, ಬೆಲುಗಾದ ಕತ್ತಿನ ಮೂಳೆಗಳು ಬಿಡಿಬಿಡಿ. ತಾಯಿಯ ಪಕ್ಕೆಗೆ ಅಂಟಿಕೊಂಡು ಒಂದು ಮರಿ, ಬೂದಿ ಬಣ್ಣ. ದೊಡ್ಡದಾಗುತ್ತಾ ಬೆಳ್ಳಗಾಗುತ್ತದೆ.

ನೀರೊಳಗೆ ಮೈಕ್ ಇಳಿಸಿ ಸ್ಪೀಕರ್ ಹಾಕಿದರು. ಕಿರ್ ಕಿರ್, ಚಿಲಿಪಿಲಿ, ಒದ್ದೆ ಗಾಜಿನ ಮೇಲೆ ಬೆರಳು ಎಳೆದ ಹಾಗೆ. ಅಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದರು. "ನಮ್ಮ ಹಳೇ ಮನೆ ಜಂತೆಯಲ್ಲಿ ಗುಬ್ಬಚ್ಚಿ ಇರ್ತಿದ್ವಲ್ಲ, ಸಂಜೆ ಹೊತ್ತು ಹೀಗೇ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಆ ಮನೆ ಈಗಿಲ್ಲ.

ಕರಡಿಯನ್ನೂ ನೋಡಿದೆವು. ಒಂದೇ ಒಂದು, ನಾನೂರು ಮೀಟರ್ ಆಚೆ, ಬಂಡೆ ಮೇಲೆ ಮಲಗಿತ್ತು. ನಲವತ್ತು ನಿಮಿಷ ವ್ಯಾನಿನಲ್ಲಿ ಕೂತು ನೋಡಿದೆವು. ಆ ಹೊತ್ತಿನಲ್ಲಿ ಅದು ಮಾಡಿದ್ದು ಇಷ್ಟೇ: ಒಂದು ಸಲ ತಲೆ ಎತ್ತಿ ಗಾಳಿ ಮೂಸಿತು, ಎದ್ದು ನಾಲ್ಕು ಹೆಜ್ಜೆ ಹಾಕಿ ನೆರಳಿರುವ ಬಂಡೆಗೆ ಹೋಗಿ ಮತ್ತೆ ಮಲಗಿತು. ನನ್ನ ಮಗ ಬೇಜಾರು ಮಾಡಿಕೊಳ್ಳುತ್ತಾನೆ ಅಂದುಕೊಂಡಿದ್ದೆ. ಅವನು ಬೈನಾಕ್ಯುಲರ್ ಕೆಳಗಿಡಲೇ ಇಲ್ಲ. "ತಾತಾ, ಅದಕ್ಕೆ ಹಸಿವಾಗಿದೆ ಅಲ್ವಾ?" ಎಂದು ಕೇಳಿದ. ಅಪ್ಪ "ಹೌದು ಮರೀ, ಇನ್ನೂ ನಾಲ್ಕು ತಿಂಗಳು" ಎಂದರು.

ಕೆರೆದಂಡೆ ಸರ್, ಈಗ ನಿಮ್ಮ ಹಕ್ಕಿ. ಅಪ್ಪ ಹೇಳುತ್ತಿದ್ದಾರೆ, ನಾನು ಟೈಪ್ ಮಾಡುತ್ತಿದ್ದೇನೆ:

"ಸರ್, ನಮಸ್ಕಾರ. ಊರಾಚೆ ಒಣ ದಿಬ್ಬದ ಮೇಲೆ ನೋಡಿದೆ. ನೆಲ ಎಂದರೆ ಬರೀ ಕಲ್ಲುಹೂವು, ಪಾಚಿ, ಮೊಳಕಾಲಿಗೂ ಬಾರದ ವಿಲ್ಲೋ ಗಿಡ. ಗೈಡ್ ಬಂದೂಕು ಹಿಡಿದು ಮೊದಲು ಸುತ್ತ ನೋಡಿ, ಆಮೇಲೆ ನನ್ನನ್ನು ಇಳಿಸಿದರು. ಹತ್ತು ಹೆಜ್ಜೆ ಹೋಗಿಲ್ಲ, ಎದುರಿಗೇ ಒಂದು ಹಕ್ಕಿ ರೆಕ್ಕೆ ಮುರಿದ ಹಾಗೆ ಎಳೆದುಕೊಂಡು ಹೊರಳಾಡಿತು. ಮರಿ ಹತ್ತಿರ ಇದೆ ಎಂದು ತಕ್ಷಣ ಗೊತ್ತಾಯಿತು. ನಮ್ಮ ಟಿಟ್ಟಿಭ ಕೂಗಿ ಕೂಗಿ ಅಟ್ಟುತ್ತದಲ್ಲ, ಇದು ತನ್ನನ್ನೇ ಮುಂದೆ ಒಡ್ಡಿಕೊಂಡು ನಮ್ಮನ್ನು ಬೇರೆ ಕಡೆ ಎಳೆಯುತ್ತದೆ. ನಾವು ಅಲ್ಲೇ ನಿಂತೆವು, ಮುಂದೆ ಹೆಜ್ಜೆ ಇಡಲಿಲ್ಲ.

ಬಣ್ಣ ಹೇಳುತ್ತೇನೆ. ಮುಖದಿಂದ ಹೊಟ್ಟೆಯ ತುದಿವರೆಗೆ ಕಾಡಿಗೆ ಕಪ್ಪು. ಹಣೆಯಿಂದ ಶುರುವಾಗಿ ಕತ್ತಿನ ಪಕ್ಕದಲ್ಲಿ ಇಳಿಯುವ ಬಿಳಿ ಪಟ್ಟಿ, ಅಂಗವಸ್ತ್ರದ ಅಂಚಿನ ಹಾಗೆ. ಬೆನ್ನ ಮೇಲೆ ಚಿನ್ನದ ಚುಕ್ಕೆ. ಮೋಡ ಸರಿದು ಬಿಸಿಲು ಬಿದ್ದಾಗ ಅದು ನೆಲದ ಕಲ್ಲುಹೂವಿನಲ್ಲಿ ಕರಗಿಹೋಯಿತು. ಅಷ್ಟು ಕಣ್ಣಿಗೆ ಹೊಡೆಯುವ ಬಣ್ಣ ಯಾಕೆ ಎಂದು ಪುಸ್ತಕದಲ್ಲಿ ನೋಡಿದಾಗ ಅನಿಸುತ್ತಿತ್ತು. ಆ ನೆಲದ ಮೇಲೆ ನೋಡಿದಾಗ ಗೊತ್ತಾಯಿತು. ಆಮೇಲೆ ಕಲ್ಲಿನ ಸಂದಿಯಿಂದ ಮರಿ ಎದ್ದಿತು. ಹತ್ತಿಯ ಉಂಡೆಗೆ ಕಡ್ಡಿಕಾಲು ಸಿಕ್ಕಿಸಿದ ಹಾಗೆ, ಬೆನ್ನೆಲ್ಲ ಹಳದಿ ಪುಡಿ. ಇನ್ನು ಎರಡು ಮೂರು ತಿಂಗಳಲ್ಲಿ ಅದು ದಕ್ಷಿಣ ಅಮೆರಿಕಕ್ಕೆ ಹೋಗುತ್ತದೆ. ಅಪ್ಪ ಅಮ್ಮ ಮೊದಲೇ ಹೊರಟುಬಿಡುತ್ತಾರೆ. ದಾರಿ ತೋರಿಸುವವರು ಇಲ್ಲದೆ ಮರಿಗಳು ಹಿಂದಿನಿಂದ ಹೋಗುತ್ತವೆ.

ನನಗೆ ಕಾಣಿಸಿದ್ದು ದಾಯಾದಿ ಹಕ್ಕಿ, ನಿಮ್ಮದಲ್ಲ. ಆದರೂ ನೀವು ಹೇಳಿದ ಅರ್ಧ ಹಕ್ಕಿ ನನಗೆ ಪೂರ್ತಿಯಾಯಿತು. ನಿಮ್ಮ ಮಾತು ಓದದೆ ಹೋಗಿದ್ದರೆ ಕರಡಿ ನೋಡಿಕೊಂಡು ಬಂದುಬಿಡುತ್ತಿದ್ದೆ."

ಕೆರೆದಂಡೆ

ಸರ, ಎಷ್ಟು ಸಲ ಓದಿದೆನೋ ಲೆಕ್ಕ ಇಲ್ಲ. ನಮ್ಮ ಮನೆಯವರಿಗೂ ಓದಿ ಹೇಳಿದೆ. ಅಂಗವಸ್ತ್ರದ ಅಂಚು ಅಂದಿರಲ್ಲ, ಇನ್ನು ಮುಂದೆ ನನಗೆ ಅದು ಹಾಗೇ ಕಾಣುತ್ತದೆ.

ಓಸ್ಲೋ_ಕನ್ನಡತಿ

ಅಮ್ಮ ಹೇಳಿದ ಗುಬ್ಬಚ್ಚಿ ಮಾತು ಓದಿ ನಾನೂ ಅತ್ತೆ. ಮಂಡಿನೋವು ಹೇಗಿದೆ ಈಗ?

ಮೈಸೂರವಳು_ವಿನ್ನಿಪೆಗ್

ಪರವಾಗಿಲ್ಲ. ರೈಲಿನಲ್ಲಿ ಎದ್ದು ಓಡಾಡಲು ಜಾಗ ಇರುವುದರಿಂದ ಕಾರಿಗಿಂತ ಅದೇ ಸುಖವಾಯಿತು ಎಂದರು.

ಕ್ಯಾಮೆರಾ_ಕಣ್ಣು

ಮೇಡಂ, ನಾನು ಮುಂದಿನ ವಾರ ಹೊರಡುತ್ತಿದ್ದೇನೆ. ನೀವು ಹೋದ ಆ ದಿಬ್ಬ ಯಾವ ಕಡೆ? ಗೂಡಿನ ಹತ್ತಿರ ಹೋಗುವುದಿಲ್ಲ, ದೂರದಿಂದಲೇ ನೋಡುತ್ತೇನೆ.

ಮೈಸೂರವಳು_ವಿನ್ನಿಪೆಗ್

ಜಾಗದ ಹೆಸರು ಇಲ್ಲಿ ಹಾಕುವುದು ಬೇಡ ಎಂದು ಅಪ್ಪ ಹೇಳುತ್ತಿದ್ದಾರೆ, ಬೇಸರ ಮಾಡಿಕೊಳ್ಳಬೇಡಿ. ಅಲ್ಲಿಯ ಗೈಡ್ ಹತ್ತಿರ ಪ್ಲೋವರ್ ನೋಡಬೇಕು ಎಂದು ಕೇಳಿ. ಕರಡಿ ಬಿಟ್ಟು ಬೇರೆ ಕೇಳಿದರು ಎಂದು ಅವರಿಗೇ ಖುಷಿಯಾಗುತ್ತದೆ. ನಮ್ಮ ಗೈಡ್‌ಗೆ ಆಗಿತ್ತು.

ಕೆರೆದಂಡೆ

ಅಪ್ಪಾಜಿ ಸೆಪ್ಟೆಂಬರ್‌ಗೆ ಮೈಸೂರಿಗೆ ಬರುತ್ತಾರಲ್ಲ? ನಮ್ಮ ಕಡೆ ಹಕ್ಕಿಗಳು ಅಕ್ಟೋಬರ್ ಹೊತ್ತಿಗೆ ಬಂದಿರುತ್ತವೆ. ಧಾರವಾಡಕ್ಕೆ ಬರಲು ಹೇಳಿ. ರಾತ್ರಿ ರೈಲಿದೆ, ಸ್ಟೇಷನ್‌ಗೆ ನಾನೇ ಬರುತ್ತೇನೆ. ಬೆಳಿಗ್ಗೆ ಆರಕ್ಕೆ ಕೆರೆಯ ಕೆಸರಿನಂಚಿಗೆ ಹೋಗಿ ಕೂತರೆ ಬಿಸಿಲು ಏರುವವರೆಗೆ ಸಿಗುತ್ತವೆ. ಚಹಾ ಫ್ಲಾಸ್ಕ್ ನಾನು ತರುತ್ತೇನೆ.

ಮೈಸೂರವಳು_ವಿನ್ನಿಪೆಗ್

ಹೇಳಿದೆ. ಅಕ್ಟೋಬರ್ ಎರಡನೇ ಶನಿವಾರ ಆಗಬಹುದಾ ಎಂದು ಕೇಳುತ್ತಿದ್ದಾರೆ.